ನೀಲಿ ರಟ್ಟಿನ ಪುಸ್ತಕ

ತುಮಕೂರಿನ ಸದಾಶಿವನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೆ ಒರಗಿಸಿದ ಕಬ್ಬಿಣದ ಬೀರು. ಬೀರುವಿನ ಮೇಲಿನ ಅರೆಯಲ್ಲಿ ನೀಲಿ ರಟ್ಟಿನ ಉದ್ದನೆಯ ಪುಸ್ತಕವೊಂದಿದೆ. ಅದರ ಮೊದಲ ಹನ್ನೆರಡು ಪುಟ ಅಪ್ಪನ ಕೈಬರಹ, ಉಳಿದದ್ದು ನನ್ನದು. ತುಮಕೂರು, ಗುಬ್ಬಿ, ಕುಣಿಗಲ್ಲಿನ ನಲವತ್ತಕ್ಕೂ ಹೆಚ್ಚು ಅಂಗಡಿ, ಮಂಡಿ, ಗಿರಣಿಗಳ ಪಾಸ್‌ವರ್ಡುಗಳು ಅದರಲ್ಲಿವೆ. ಮಗಳು ಮೊನ್ನೆ ಬೀರು ಒರೆಸುವಾಗ ಅದನ್ನು ಕೈಗೆತ್ತಿಕೊಂಡು, "ಅಮ್ಮ, ಇದು ಇನ್ನೂ ಬೇಕಾ?" ಎಂದಳು. ಬೇಕು ಎಂದೆ. ಯಾಕೆ ಬೇಕು ಎಂದು ಅವಳಿಗೆ ಹೇಳಲು ಹೊರಟದ್ದು ಇಷ್ಟು ಉದ್ದವಾಯಿತು.

ಅಪ್ಪ ಮಂಡಿಪೇಟೆಯಲ್ಲಿ ಗುಮಾಸ್ತರಾಗಿದ್ದರು. ಬೆಳಿಗ್ಗೆ ಕಿರ್ದಿ, ಮಧ್ಯಾಹ್ನ ಖಾತೆ, ತಿಂಗಳ ಕೊನೆಗೆ ಮಾರಾಟ ತೆರಿಗೆ ಕಚೇರಿ. ಆಗಿನ್ನೂ 1957ರ ಮಾರಾಟ ತೆರಿಗೆ ಕಾಯ್ದೆಯ ಕಾಲ. ಲೋಡು ಹೊರಡಬೇಕಾದರೆ ಇಲಾಖೆಯ ಡೆಲಿವರಿ ನೋಟ್ ಬೇಕು, ಹೊರರಾಜ್ಯದಿಂದ ಸರಕು ತರಿಸಿದರೆ ಸಿ ಫಾರಂ ಬೇಕು. ಎರಡನ್ನೂ ಕಚೇರಿಯಿಂದಲೇ ತರಬೇಕು. ಹಿಂದಿನ ಹಾಳೆಗಳ ಲೆಕ್ಕ ಒಪ್ಪಿಸಿದ ಮೇಲೆಯೇ ಮುಂದಿನವು ಕೈಗೆ ಬರುತ್ತಿದ್ದವು. ಆ ಕಚೇರಿಯಲ್ಲಿ ಅಪ್ಪನನ್ನು ಯಾರೂ "ಯಾವ ಅಂಗಡಿಯವರು?" ಎಂದು ಕೇಳುತ್ತಿರಲಿಲ್ಲ. ಇಪ್ಪತ್ತು ವರ್ಷ ಅದೇ ಮೆಟ್ಟಿಲು ಹತ್ತಿದ ಮುಖವೇ ಗುರುತಿನ ಚೀಟಿ.

ಆದರೆ ಮೊಹರು ಮಾತ್ರ ಅಪ್ಪನ ಕೈಯಲ್ಲಿ ಇರಲಿಲ್ಲ. ಅದು ಯಜಮಾನರ ಗಲ್ಲಾಪೆಟ್ಟಿಗೆಯಲ್ಲಿ, ಚಿಲ್ಲರೆ ಬಟ್ಟಲಿನ ಪಕ್ಕದಲ್ಲಿ ಇರುತ್ತಿತ್ತು. ಅಪ್ಪ ಕಾಗದವನ್ನೆಲ್ಲ ಬರೆದು ಮುಂದಿಡುತ್ತಿದ್ದರು. ಯಜಮಾನರು ಕನ್ನಡಕ ಏರಿಸಿ ಓದಿ, ಸಹಿ ಮಾಡಿ, ತಾವೇ ಮೊಹರು ಒತ್ತುತ್ತಿದ್ದರು. ಊರಿಗೆ ಹೋಗುವಾಗ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಹೋಗುತ್ತಿದ್ದರು. ಅಂಥ ದಿನ ಲೋಡು ನಿಲ್ಲುತ್ತಿತ್ತು. ಅಪ್ಪನಿಗೆ ಅದರ ಬಗ್ಗೆ ಬೇಸರ ಇರಲಿಲ್ಲ. "ಬರೆಯೋದು ನನ್ನ ಕೆಲಸ, ಒಪ್ಪೋದು ಅವರ ಕೆಲಸ" ಎನ್ನುತ್ತಿದ್ದರು. ಈ ಮಾತು ನನಗೆ ಸರಿಯಾಗಿ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಯಂತ್ರವೊಂದು ಮನುಷ್ಯನನ್ನು "ನೀನು ನೀನೇನಾ?" ಎಂದು ಕೇಳುವುದನ್ನು ನಾನು ಮೊದಲು ನೋಡಿದ್ದು ತೆರಿಗೆ ಕಚೇರಿಯಲ್ಲಲ್ಲ, ಗುಬ್ಬಿಯ ತಾಲ್ಲೂಕು ಕಚೇರಿಯಲ್ಲಿ. ಅಜ್ಜನ ಕಾಲದ ಜಮೀನಿನ ಪಹಣಿಗೆಂದು 2002ರಲ್ಲಿ ಅಪ್ಪನ ಜೊತೆ ಹೋಗಿದ್ದೆ. ರಾಜ್ಯದ ಕಂದಾಯ ಇಲಾಖೆ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ಕೇಂದ್ರ ಸರ್ಕಾರದ ಸಂಸ್ಥೆಯಾದ ಎನ್‌ಐಸಿ ಬರೆದ ತಂತ್ರಾಂಶದಿಂದ "ಭೂಮಿ" ಯೋಜನೆಯನ್ನು ಜಾರಿಗೆ ತಂದು, 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಕಾಲ ಅದು. ಕೈಬರಹದ ಪಹಣಿ ಹೋಗಿ, 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಸಿಗುತ್ತಿತ್ತು. ಕಿಟಕಿಯ ಆಚೆ ಕುಳಿತಿದ್ದ ಅಧಿಕಾರಿ ಕಂಪ್ಯೂಟರಿನ ಪಕ್ಕದ ಪುಟ್ಟ ಡಬ್ಬಿಯ ಮೇಲೆ ಬೆರಳಿಟ್ಟರು. ಒಮ್ಮೆ ಒಪ್ಪಲಿಲ್ಲ. ಬೆರಳನ್ನು ಅಂಗಿಗೆ ಒರೆಸಿ ಮತ್ತೆ ಇಟ್ಟರು. ತೆರೆ ತೆರೆದುಕೊಂಡಿತು. ಅಪ್ಪ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದವರು, "ಹೆಬ್ಬೆಟ್ಟು ನಮ್ಮದು ಅಂತಿದ್ರು, ಈಗ ಸಾಹೇಬರದ್ದಾಯ್ತು" ಎಂದರು. ಖಾತೆ ಬದಲಾವಣೆಯನ್ನು ಯಾರು ಒಪ್ಪಿದರು ಎನ್ನುವುದು ಬೆರಳಿನ ಜೊತೆಗೇ ದಾಖಲಾಗುತ್ತಿತ್ತು. ಇನ್ನೊಬ್ಬರ ಪಾಸ್‌ವರ್ಡ್ ಬಳಸಿದರು, ನನಗೆ ಗೊತ್ತೇ ಇರಲಿಲ್ಲ ಎಂದು ನಾಳೆ ಯಾರೂ ಹೇಳುವಂತಿರಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ನಮ್ಮ ರಾಜ್ಯ ಇಷ್ಟು ದೂರ ಯೋಚಿಸಿತ್ತು ಎನ್ನುವುದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ.

ವ್ಯಾಪಾರಿಗಳ ಪಾಲಿಗೆ ಬಂದದ್ದು ಬೆರಳಲ್ಲ, ಪಾಸ್‌ವರ್ಡು. 2005ರ ಏಪ್ರಿಲ್ 1ರಿಂದ ಹಳೆಯ ಮಾರಾಟ ತೆರಿಗೆಯ ಜಾಗಕ್ಕೆ ವ್ಯಾಟ್ ಬಂತು. ಪ್ರತಿ ಅಂಗಡಿಗೂ 11 ಅಂಕಿಯ ಟಿನ್ ನಂಬರು, ಮೊದಲೆರಡು ಅಂಕಿ 29, ಕರ್ನಾಟಕದ್ದು. ನೀಲಿ ಪುಸ್ತಕವನ್ನು ಅಪ್ಪ ಶುರುಮಾಡಿದ್ದು ಆ ನಂಬರುಗಳನ್ನು ಬರೆದಿಡಲಿಕ್ಕೆ. ಕೆಲವು ವರ್ಷಗಳಲ್ಲಿ ಇ-ಸುಗಮ್ ಬಂತು. ಸರಕು ಹೊರಡುವ ಮುಂಚೆ ಇಲಾಖೆಯ ಜಾಲತಾಣಕ್ಕೆ ಹೋಗಿ ಲಾಗಿನ್ ಆಗಿ, ಏನು ಸರಕು, ಎಷ್ಟು ಮೌಲ್ಯ, ಯಾವ ಲಾರಿ ಎಂದು ತುಂಬಿದರೆ ಒಂದು ನಂಬರು ಹುಟ್ಟುತ್ತಿತ್ತು. ಆ ನಂಬರು ಲಾರಿಯ ಜೊತೆ ಹೋಗಬೇಕು. ಡೆಲಿವರಿ ನೋಟಿಗಾಗಿ ಕಚೇರಿಗೆ ಅಲೆಯುವುದು ತಪ್ಪಿತು. ಮುಂದೆ ದೇಶಕ್ಕೆಲ್ಲ ಬಂದ ಇ-ವೇ ಬಿಲ್ಲಿನ ಬೀಜ ನಮ್ಮ ಈ ಇ-ಸುಗಮ್‌ನಲ್ಲೇ ಇತ್ತು. ತುಮಕೂರಿನವರಿಗೆ ಇದು ನೆನಪಿರಬೇಕು.

ಮಂಡಿಪೇಟೆಯ ಯಜಮಾನರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಲಾಗಿನ್ ಹೆಸರು, ಪಾಸ್‌ವರ್ಡ್ ಬರೆದ ಚೀಟಿಯನ್ನು ತಂದು ಅಪ್ಪನ ಕೈಗಿಟ್ಟರು. ಆ ಹೊತ್ತಿಗೆ ನಾನು ಬಿಕಾಂ ಮುಗಿಸಿ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಕಲಿತಿದ್ದೆ. ಅಪ್ಪ ಚೀಟಿಯನ್ನು ನನಗೆ ಕೊಟ್ಟರು. ಟಿನ್ ನಂಬರಿನ ಪಕ್ಕದ ಖಾಲಿ ಜಾಗದಲ್ಲಿ ನಾನು ಪಾಸ್‌ವರ್ಡ್ ಬರೆದೆ. ಗಲ್ಲಾಪೆಟ್ಟಿಗೆಯ ಮೊಹರು ನಮ್ಮ ಮನೆಯ ಬೀರುವಿಗೆ ಬಂದದ್ದು ಆ ದಿನ. ಆಗ ಅದು ಹಾಗೆ ಅನ್ನಿಸಲಿಲ್ಲ, ಸಹಾಯ ಮಾಡುತ್ತಿದ್ದೇವೆ ಅನ್ನಿಸಿತ್ತು. ರಾತ್ರಿ ಹತ್ತಕ್ಕೆ ಲಾರಿ ಡ್ರೈವರ್ ಗೇಟಿನ ಹೊರಗೆ ನಿಂತು, "ಅಕ್ಕಾ, ಸುಗಮ್ ನಂಬರ್ ಆಯ್ತಾ? ಬೆಳಿಗ್ಗೆಗೆ ದಾವಣಗೆರೆ ಸೇರ್ಬೇಕು" ಎನ್ನುತ್ತಿದ್ದ. ಅದೇ ಪಾಸ್‌ವರ್ಡು ಮಂಡಿಯ ಹುಡುಗನ ಹತ್ತಿರವೂ ಇರುತ್ತಿತ್ತು, ಟ್ರಾನ್ಸ್‌ಪೋರ್ಟ್ ಆಫೀಸಿನವರ ಹತ್ತಿರವೂ ಇರುತ್ತಿತ್ತು. ಒಂದು ಅಂಗಡಿಗೆ ಒಂದೇ ಮೊಹರು ಇದ್ದದ್ದು ಹೋಗಿ, ಕೇಳಿದವರಿಗೆಲ್ಲ ಒಂದೊಂದು ಮೊಹರು ಕೊಟ್ಟಂತಾಗಿತ್ತು.

ಪಾಸ್‌ವರ್ಡಿನ ಈ ಬಲಹೀನತೆ ಅದರ ಹುಟ್ಟಿನಿಂದಲೇ ಬಂದದ್ದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ ಕಟ್ಟಿದಾಗ ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಟ್ಟರು. ಕೆಲವೇ ವರ್ಷಗಳಲ್ಲಿ ಒಂದು ದಿನ ಕಡತಗಳು ಅದಲು ಬದಲಾಗಿ, ದಿನದ ಸೂಚನೆ ಬರಬೇಕಾದ ಕಡೆ ಎಲ್ಲರ ಪಾಸ್‌ವರ್ಡುಗಳ ಪಟ್ಟಿಯೇ ಅಚ್ಚಾಗಿ ಬಂತು. ಹೇಳಿಬಿಡಬಹುದಾದ ಗುಟ್ಟು ಯಾವತ್ತಾದರೂ ಒಂದು ದಿನ ಹೊರಬಿದ್ದೇ ಬೀಳುತ್ತದೆ.

ಇದಕ್ಕೆ ಕಾನೂನು ಕೊಟ್ಟ ಉತ್ತರ ಡಿಜಿಟಲ್ ಸಹಿ. ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ನಮ್ಮ ಪಾರ್ಟಿಗಳ ಪೈಕಿ ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ, ಟೆಂಡರ್ ಹಾಕುವ ಕಂಟ್ರ್ಯಾಕ್ಟರುಗಳಿಗೆ ಇದು ಬೇಕೇ ಬೇಕಾಯಿತು. ಪೆನ್‌ಡ್ರೈವಿನಂಥ ಒಂದು ಟೋಕನ್, ಅದರೊಳಗೆ ಆ ಮನುಷ್ಯನ ಗುಟ್ಟಿನ ಕೀಲಿ. ಬಾಯಿಮಾತಿನಲ್ಲಿ ಎಲ್ಲರೂ ಅದನ್ನು ಡಾಂಗಲ್ ಎಂದೇ ಕರೆದರು. ನಾನು ಅವನ್ನು ಹಳೆಯ ಒಗ್ಗರಣೆ ಡಬ್ಬಿಯಲ್ಲಿ ಇಟ್ಟಿದ್ದೆ. ಸಾಸಿವೆ, ಜೀರಿಗೆಯ ಏಳು ಬಟ್ಟಲುಗಳಲ್ಲಿ ಏಳು ಪಾರ್ಟಿಗಳ ಟೋಕನ್. ಪ್ರತಿಯೊಂದಕ್ಕೂ ಬಿಳಿ ಪಟ್ಟಿ ಅಂಟಿಸಿ ಹೆಸರು ಬರೆದಿದ್ದೆ, ಪಿನ್ ನೀಲಿ ಪುಸ್ತಕದಲ್ಲಿತ್ತು. ಅದೇ ಕಾಯ್ದೆಯ 42ನೇ ಕಲಂ ಗುಟ್ಟಿನ ಕೀಲಿಯನ್ನು ಅದರ ಒಡೆಯನೇ ಎಚ್ಚರದಿಂದ ತನ್ನ ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಎನ್ನುತ್ತದೆ. ಆ ಕಲಂ ನಾನು ಓದಿದ್ದು ತಡವಾಗಿ. ಓದಿದ ಮೇಲೂ ಎರಡು ವರ್ಷ ಡಬ್ಬಿ ಹಾಗೆಯೇ ಇತ್ತು. ಅದು ತಪ್ಪು.

ಟೋಕನ್ ಕೆಲಸ ಮಾಡುವ ಬಗೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಜಾಲತಾಣ ಇರುವುದು ಎಲ್ಲೋ ದೂರದ ಸರ್ವರಿನಲ್ಲಿ, ಟೋಕನ್ ಇರುವುದು ನನ್ನ ಮೇಜಿನ ಮೇಲೆ. ಬ್ರೌಸರ್ ತಾನಾಗಿ ಯುಎಸ್‌ಬಿ ಕಿಂಡಿಗೆ ಕೈಹಾಕುವಂತಿಲ್ಲ, ಹಾಕಬಾರದು ಕೂಡ. ಮೊದಮೊದಲು ಜಾವಾ ಆಪ್ಲೆಟ್ ಎಂಬ ಸಣ್ಣ ಕಾರ್ಯಕ್ರಮವನ್ನು ಬ್ರೌಸರಿನೊಳಗೇ ಓಡಿಸಿ ಈ ಕೆಲಸ ಮಾಡಿಸುತ್ತಿದ್ದರು. ಭದ್ರತೆಯ ಕಾರಣಕ್ಕೆ 2015ರಲ್ಲಿ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಆ ಬಾಗಿಲು ಮುಚ್ಚಿದವು. ಟೆಂಡರಿನ ಕೊನೆಯ ದಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ತೆರೆದು, ಯಾವ ಜಾವಾ ಆವೃತ್ತಿ ಒಪ್ಪುತ್ತದೆ ಎಂದು ಹಾಕಿ ತೆಗೆದು, ಹಾಕಿ ತೆಗೆದು ಮಾಡಿದವರಿಗೆ ಮಾತ್ರ ಆ ಕಷ್ಟ ಗೊತ್ತು.

ಆಪ್ಲೆಟ್ ಹೋದ ಮೇಲೆ ಬಂದದ್ದು ಕಂಪ್ಯೂಟರಿನಲ್ಲೇ ಸ್ಥಾಪಿಸುವ ಸಹಿ ತಂತ್ರಾಂಶ. ಬೆಂಗಳೂರಿನ ಇ-ಮುದ್ರಾ ಕಂಪನಿಯ ಎಂಸೈನರ್ ಅಂಥದ್ದು, ಜಿಎಸ್‌ಟಿ ಪೋರ್ಟಲಿಗೆ ಬೇಕಾದ್ದು. ಆದಾಯ ತೆರಿಗೆ ಇಲಾಖೆ 2021ರ ಜೂನಿನಲ್ಲಿ ಹೊಸ ಪೋರ್ಟಲ್ ತಂದಾಗ ಅದೇ ಕಂಪನಿಯ ಎಂಬ್ರಿಡ್ಜ್ ಬಂತು. ಈ ತಂತ್ರಾಂಶ ಕಂಪ್ಯೂಟರಿನೊಳಗೆ ಸದ್ದಿಲ್ಲದೆ ಕಾಯುತ್ತಿರುತ್ತದೆ. ಅದರ ವಿಳಾಸ 127.0.0.1. ಪ್ರತಿ ಕಂಪ್ಯೂಟರೂ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ ಇದು, ನಡುಮನೆಯಲ್ಲಿ ಕುಳಿತು ಅಡುಗೆಮನೆಗೆ ಕೂಗು ಹಾಕಿದ ಹಾಗೆ. ಜಾಲತಾಣ ಬ್ರೌಸರಿನ ಮೂಲಕ ಒಂದು ಸಾಲು ಕಳಿಸುತ್ತದೆ. ಒಳಗಿನ ತಂತ್ರಾಂಶ ಅದನ್ನು ಟೋಕನ್ನಿಗೆ ಕೊಡುತ್ತದೆ. ಪಿನ್ ಒತ್ತಿದರೆ ಟೋಕನ್ ಸಹಿ ಹಾಕಿ ಹಿಂದಿರುಗಿಸುತ್ತದೆ. ಸಹಿ ಹೊರಗೆ ಹೋಗುತ್ತದೆ, ಕೀಲಿ ಒಳಗೇ ಉಳಿಯುತ್ತದೆ. ಪಾಸ್‌ವರ್ಡಿನ ಹಾಗೆ ಗುಟ್ಟನ್ನೇ ಕೊಟ್ಟು ಗುರುತು ಹೇಳಿಕೊಳ್ಳುವ ಪ್ರಮೇಯವಿಲ್ಲ. ಇಷ್ಟು ಚೆಂದದ ಏರ್ಪಾಡನ್ನು ಮಾಡಿದವರಿಗೆ ಕೈ ಮುಗಿಯಬೇಕು.

ಒಂದು ವಿಷಯ ಮಾತ್ರ ನನಗೆ ಸರಿಕಂಡದ್ದಿಲ್ಲ. ಎಷ್ಟೋ ಕಂಪ್ಯೂಟರುಗಳಲ್ಲಿ ಮೊದಲ ಸಲ ಆ ಒಳವಿಳಾಸವನ್ನು ತೆರೆದಾಗ ಬ್ರೌಸರ್ ಕೆಂಪು ತ್ರಿಕೋನ ತೋರಿಸಿ ಈ ಸಂಪರ್ಕ ಸುರಕ್ಷಿತವಲ್ಲ ಎನ್ನುತ್ತಿತ್ತು. ನಾವು ಪರವಾಗಿಲ್ಲ ಮುಂದೆ ಹೋಗು ಎಂದು ಒತ್ತಬೇಕಿತ್ತು. ನನ್ನ ಹತ್ತಿರ ಕೆಲಸ ಕಲಿಯಲು ಬಂದ ಹುಡುಗಿಯರಿಗೆ ನಾನೇ ಹಾಗೆ ಒತ್ತಲು ಹೇಳಿಕೊಟ್ಟೆ. ಎಚ್ಚರಿಕೆಯ ಫಲಕವನ್ನು ದಾಟಿ ಹೋಗುವುದೇ ಕೆಲಸದ ಮೊದಲ ಪಾಠವಾಗಬಾರದಿತ್ತು.

2017ರ ಜುಲೈ 1ಕ್ಕೆ ಜಿಎಸ್‌ಟಿ. 11 ಅಂಕಿಯ ಟಿನ್ ಹೋಗಿ 15 ಅಕ್ಷರದ ನಂಬರು ಬಂತು, ಮೊದಲೆರಡು ಮತ್ತೆ 29. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಇ-ವೇ ಬಿಲ್ ಕಡ್ಡಾಯವಾದಾಗ, ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಶುರುಮಾಡಿದ ರಾಜ್ಯ ಕರ್ನಾಟಕ ಒಂದೇ. ಇ-ಸುಗಮ್ ಅಭ್ಯಾಸವಿದ್ದ ನಮಗೆ ಅದು ಕಷ್ಟವಾಗಲಿಲ್ಲ. ಮಂಡಿಪೇಟೆಯನ್ನು ನಿಜವಾಗಿ ಅಲುಗಾಡಿಸಿದ್ದು ಇ-ಇನ್‌ವಾಯ್ಸ್. 2020ರ ಅಕ್ಟೋಬರಿನಲ್ಲಿ 500 ಕೋಟಿಗಿಂತ ಹೆಚ್ಚು ವಹಿವಾಟಿನವರಿಗೆ ಶುರುವಾದದ್ದು ಇಳಿಯುತ್ತಾ ಇಳಿಯುತ್ತಾ 2023ರ ಆಗಸ್ಟ್ 1ಕ್ಕೆ 5 ಕೋಟಿ ದಾಟಿದವರಿಗೆಲ್ಲ ಬಂತು. ಅಡಿಕೆ, ಕೊಬ್ಬರಿಯ ವ್ಯಾಪಾರದಲ್ಲಿ 5 ಕೋಟಿ ದೊಡ್ಡ ಮೊತ್ತವಲ್ಲ. ನೋಂದಾಯಿತ ವ್ಯಾಪಾರಿಗೆ ಬರೆಯುವ ಪ್ರತಿ ಬಿಲ್ಲೂ ಸರ್ಕಾರದ ಸರ್ವರಿಗೆ ಹೋಗಿ 64 ಅಕ್ಷರಗಳ ಗುರುತು, ಕ್ಯೂಆರ್ ಚಿತ್ರ ಪಡೆದು ಬರಬೇಕು. ಬಿಲ್ಲು ಹರಿಯುವುದು ಟ್ಯಾಲಿಯಲ್ಲಿ, ಗುರುತು ಕೊಡುವುದು ಪೋರ್ಟಲ್. ನಿಮಿಷಕ್ಕೊಂದು ಬಿಲ್ಲು ಹರಿಯುವ ಕಡೆ ಬ್ರೌಸರ್ ತೆರೆದು ಕುಳಿತರೆ ಆದೀತೇ? ಟ್ಯಾಲಿಯೊಳಗಿಂದಲೇ ಲಾಗಿನ್ ಆಗಬೇಕು.

ಟ್ಯಾಲಿ ನಮ್ಮ ನೆರೆಯ ಬೆಂಗಳೂರಿನದು. ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗದೆ ಮಗ ಭರತ್ ಅವರಿಂದ ಬರೆಸಿದ್ದು, 1986ರಲ್ಲಿ ಕಂಪನಿಯಾದದ್ದು. ಕಂಪ್ಯೂಟರಿನ ಒಳಗೇ ಕುಳಿತು ಕಿರ್ದಿ, ಖಾತೆ ನೋಡಿಕೊಳ್ಳುತ್ತಿದ್ದ ಗುಮಾಸ್ತ ಅದು. ಈಗ ಆ ಗುಮಾಸ್ತನೇ ತೆರಿಗೆ ಕಚೇರಿಯ ಮೆಟ್ಟಿಲು ಹತ್ತಬೇಕಾಯಿತು. ಬಿಲ್ಲು ಉಳಿಸಲು ಒತ್ತಿದರೆ ಸಣ್ಣ ಚೌಕವೊಂದು ತೆರೆದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಅದು ಪೋರ್ಟಲಿಗೆ ನಾವು ಬಳಸುವ ಪಾಸ್‌ವರ್ಡ್ ಅಲ್ಲ. ಪೋರ್ಟಲಿಗೆ ಹೋಗಿ, ಟ್ಯಾಲಿಯ ಮೂಲಕ ಬರುವವರಿಗೆಂದು ಬೇರೆಯೇ ಬಳಕೆದಾರರನ್ನು ಸೃಷ್ಟಿಸಿ, ಬೇರೆ ಪಾಸ್‌ವರ್ಡ್ ಇಡಬೇಕು. ಗುಮಾಸ್ತನಿಗೆ ಯಜಮಾನನ ಕೀಲಿ ಕೊಡದೆ ಅವನ ಕೆಲಸಕ್ಕೆ ಬೇಕಾದಷ್ಟೇ ತೆರೆಯುವ ಇನ್ನೊಂದು ಕೀಲಿ ಕೊಟ್ಟಂತೆ. ಆ ಆಗಸ್ಟ್ ತಿಂಗಳಿಡೀ ನನಗೆ ಬಂದ ಫೋನುಗಳಲ್ಲಿ ಅರ್ಧ ಇದೇ: "ಮೇಡಂ, ಪಾಸ್‌ವರ್ಡ್ ಸರಿ ಇದೆ, ಟ್ಯಾಲಿ ತಗೊಳ್ತಿಲ್ಲ." ಅವರು ಹಾಕುತ್ತಿದ್ದದ್ದು ಪೋರ್ಟಲಿನ ಪಾಸ್‌ವರ್ಡು. ನೀಲಿ ಪುಸ್ತಕದಲ್ಲಿ ಒಂದು ಅಂಗಡಿಗೆ ಒಂದು ಸಾಲು ಇದ್ದದ್ದು ನಾಲ್ಕು ಸಾಲಾಯಿತು.

ಅದೇ ಹೊತ್ತಿಗೆ ಕುಣಿಗಲ್ ಕಡೆಯ ಕೊಬ್ಬರಿ ವರ್ತಕರೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ಅವರ ಲೆಕ್ಕ ನೋಡುತ್ತಿದ್ದವರು ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದರು. ಜಿಎಸ್‌ಟಿ ಪೋರ್ಟಲಿನಲ್ಲಿ ದಾಖಲಾಗಿದ್ದ ಮೊಬೈಲ್ ನಂಬರು, ಮೇಲ್ ಎರಡೂ ಆ ಬಿಟ್ಟುಹೋದವರದೇ. ಆ ನಂಬರು ಬಂದ್ ಆಗಿತ್ತು. ಪಾಸ್‌ವರ್ಡ್ ಬದಲಿಸಲು ಹೋದರೆ ಓಟಿಪಿ ಸತ್ತ ನಂಬರಿಗೆ ಹೋಗುತ್ತಿತ್ತು. ಎರಡು ತಿಂಗಳ ರಿಟರ್ನ್ ಬಾಕಿ, ಇ-ವೇ ಬಿಲ್ ನಿಲ್ಲುವ ಭಯ. ವರ್ತಕರು ಹಳೆಯ ರಬ್ಬರ್ ಮೊಹರನ್ನು ಜೇಬಿನಿಂದ ತೆಗೆದು ನನ್ನ ಮೇಜಿನ ಮೇಲಿಟ್ಟು, "ನೋಡಮ್ಮ, ಅಂಗಡಿ ನಂದು, ಮೊಹರು ನಂದು, ನಾನೇ ಬಂದಿದೀನಿ. ಇನ್ನೇನು ತೋರಿಸ್ಲಿ?" ಎಂದರು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಐವತ್ತು ವರ್ಷ ವ್ಯಾಪಾರ ಮಾಡಿದ ಮನುಷ್ಯ ತನ್ನ ಅಂಗಡಿಯ ಬಾಗಿಲ ಹೊರಗೆ ನಿಂತಿದ್ದರು. ಅದಕ್ಕೆ ದಾರಿ ಇತ್ತು. ಪ್ಯಾನ್, ನೋಂದಣಿ ಪತ್ರ, ಗುರುತಿನ ದಾಖಲೆ ಹಿಡಿದು ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಮುಂದೆ ಖುದ್ದು ಹೋದರೆ, ಅವರು ಪರಿಶೀಲಿಸಿ ಹೊಸ ನಂಬರು, ಮೇಲ್ ದಾಖಲಿಸಿ, ತಾತ್ಕಾಲಿಕ ಪಾಸ್‌ವರ್ಡ್ ಬರುವಂತೆ ಮಾಡುತ್ತಾರೆ. ಹೋದೆವು, ಆಯಿತು. ಕೊನೆಗೆ ಗುರುತು ಹಿಡಿದದ್ದು ಮತ್ತೆ ಮುಖವೇ. ಆದರೆ ಆ ರಾತ್ರಿ ನಾನು ನೀಲಿ ಪುಸ್ತಕ ತೆಗೆದು ಪುಟ ತಿರುವಿದೆ. ನನ್ನ ಮೊಬೈಲ್ ನಂಬರೇ ದಾಖಲಾಗಿದ್ದ ಅಂಗಡಿಗಳು ಹತ್ತೊಂಬತ್ತು. ನನಗೆ ಏನಾದರೂ ಆಗಿಬಿಟ್ಟರೆ ಹತ್ತೊಂಬತ್ತು ಯಜಮಾನರು ಹೀಗೇ ಮೊಹರು ಹಿಡಿದು ಯಾರದೋ ಮೇಜಿನ ಮುಂದೆ ನಿಲ್ಲಬೇಕಾಗಿತ್ತು.

ಮರುದಿನದಿಂದ ಒಬ್ಬೊಬ್ಬರನ್ನೇ ಕರೆಸಿದೆ. ಗುಬ್ಬಿಯವರಿಗೆ ಬಿ.ಎಚ್. ರಸ್ತೆ ಹಿಡಿದು ನಾನೇ ಹೋದೆ. ಅವರವರ ನಂಬರು ಅವರವರ ಹೆಸರಿನಲ್ಲಿ ಹಾಕಿಸಿದೆ. ಒಗ್ಗರಣೆ ಡಬ್ಬಿಯ ಏಳು ಟೋಕನ್ನುಗಳನ್ನು ಏಳು ಜನಕ್ಕೆ ಹಿಂದಿರುಗಿಸಿದೆ. ಕೆಲವರಿಗೆ ಬೇಸರವಾಯಿತು. "ನಿಮ್ಮ ಮೇಲೆ ನಂಬಿಕೆ ಇಲ್ವಾ ನಮಗೆ? ಯಾಕಮ್ಮ ಹೀಗೆ ಮಾಡ್ತೀಯ?" ಎಂದವರೂ ಇದ್ದಾರೆ. ನಂಬಿಕೆ ಇರುವ ಕಡೆಯೇ ಅಪ್ಪನೂ ಮೊಹರನ್ನು ಮುಟ್ಟುತ್ತಿರಲಿಲ್ಲ ಎಂದು ಹೇಳಿದೆ.

ಸರ್ಕಾರದ ನಿಯಮವೂ ಈಗ ಅದೇ ದಾರಿಗೆ ಬಂದಿದೆ. ಇ-ವೇ ಬಿಲ್, ಇ-ಇನ್‌ವಾಯ್ಸ್ ಪೋರ್ಟಲುಗಳಲ್ಲಿ ಪಾಸ್‌ವರ್ಡ್ ಜೊತೆಗೆ ಓಟಿಪಿ ಎಂಬ ಎರಡು ಹಂತದ ಲಾಗಿನ್ ದೊಡ್ಡವರಿಗೆ ಮೊದಲು ಬಂದು, 2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರಿಗೂ ಕಡ್ಡಾಯವಾಯಿತು. 2024ರಲ್ಲಿ ಬಂದ ಟ್ಯಾಲಿ ಪ್ರೈಮ್ 5.0 ಆವೃತ್ತಿಯಲ್ಲಿ ಜಿಎಸ್‌ಟಿ ಪೋರ್ಟಲಿಗೇ ಟ್ಯಾಲಿಯೊಳಗಿಂದ ಲಾಗಿನ್ ಆಗಿ ರಿಟರ್ನ್ ಕಳಿಸಬಹುದು. ಇಲ್ಲಿ ಪಾಸ್‌ವರ್ಡನ್ನು ಟ್ಯಾಲಿ ಕೇಳುವುದೇ ಇಲ್ಲ. ಯಜಮಾನರು ಮೊದಲು ಪೋರ್ಟಲಿನಲ್ಲಿ ತಮ್ಮ ಪ್ರೊಫೈಲಿಗೆ ಹೋಗಿ, ಹೊರಗಿನ ತಂತ್ರಾಂಶ ಬರಲು ತಾವೇ ಒಪ್ಪಿಗೆ ಕೊಡಬೇಕು. ಎಷ್ಟು ಕಾಲಕ್ಕೆ ಎಂದೂ ಹೇಳಬೇಕು. ಆಮೇಲೆ ಟ್ಯಾಲಿಯಲ್ಲಿ ಬಳಕೆದಾರರ ಹೆಸರು ಮಾತ್ರ ಹಾಕಿದರೆ ಅವರ ಮೊಬೈಲಿಗೆ ಓಟಿಪಿ ಹೋಗುತ್ತದೆ. ಅದನ್ನು ಹಾಕಿದ ಮೇಲೆ ಪೋರ್ಟಲ್ ಟ್ಯಾಲಿಗೆ ಸ್ವಲ್ಪ ಹೊತ್ತಿನ ಪರವಾನಗಿ ಕೊಡುತ್ತದೆ. ಹೊತ್ತು ಮುಗಿದರೆ ಪರವಾನಗಿಯೂ ಮುಗಿಯಿತು. ಬರೆಯುವವರು ಬರೆಯುತ್ತಾರೆ, ಒಪ್ಪುವವರು ಒಪ್ಪುತ್ತಾರೆ.

ಕೆಲಸ ನಿಧಾನವಾಗಿದೆ, ನಿಜ. ಕಳೆದ ತಿಂಗಳು ರಿಟರ್ನಿನ ಕೊನೆಯ ದಿನ ಸಂಜೆ ಗುಬ್ಬಿಯ ಅಡಿಕೆ ವರ್ತಕರೊಬ್ಬರಿಗೆ ಫೋನ್ ಮಾಡಿದೆ. ಅವರು ತೋಟದಲ್ಲಿದ್ದರು, ಸಿಗ್ನಲ್ ಇರಲಿಲ್ಲ. ಮೂರನೇ ಸಲ ಸಿಕ್ಕರು. ಓಟಿಪಿ ಓದುವ ಮೊದಲು ಕೇಳಿದರು: "ಮೇಡಂ, ಯಾವುದಕ್ಕೆ ಇದು? ಎಷ್ಟು ತೆರಿಗೆ ಬಂತು ಈ ಸಲ?" ಮೊತ್ತ ಹೇಳಿದೆ. ಹೋದ ತಿಂಗಳಿಗಿಂತ ಯಾಕೆ ಜಾಸ್ತಿ ಎಂದರು. ಅದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದೊಂದೇ ಅಂಕಿ ಬಿಡಿಸಿ ಬಿಡಿಸಿ ಓದಿದರು. ಹದಿನೈದು ವರ್ಷದಿಂದ ಅವರ ಲೆಕ್ಕ ನೋಡುತ್ತಿದ್ದೇನೆ. ರಿಟರ್ನ್ ಹೋಗುವ ಮುಂಚೆ ಅವರು ಮೊತ್ತ ಕೇಳಿದ್ದು ಅದೇ ಮೊದಲು.

ನೀವು ವ್ಯಾಪಾರಿಗಳಾಗಿದ್ದರೆ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಲೆಕ್ಕ ನೋಡುವವರ ಪಕ್ಕದಲ್ಲಿ ಇವತ್ತೇ ಹತ್ತು ನಿಮಿಷ ಕುಳಿತು, ಜಿಎಸ್‌ಟಿ ಪೋರ್ಟಲಿನಲ್ಲಿ ದಾಖಲಾಗಿರುವ ಮೊಬೈಲ್ ನಂಬರು, ಮೇಲ್ ಯಾರದ್ದು ಎಂದು ನೋಡಿ. ನಿಮ್ಮದಲ್ಲದಿದ್ದರೆ ಬದಲಿಸಿ. ಅದೇ ಪೋರ್ಟಲಿನಲ್ಲಿ ನೋಂದಣಿ ತಿದ್ದುಪಡಿಯ ಅರ್ಜಿಯಿಂದ ಆಗುತ್ತದೆ. ನಿಮ್ಮ ಟೋಕನ್ ಯಾರ ಡಬ್ಬಿಯಲ್ಲಿದೆಯೋ ಕೇಳಿ ತಂದುಕೊಳ್ಳಿ. ಓಟಿಪಿ ಕೇಳಿ ಯಾರಾದರೂ ಫೋನ್ ಮಾಡಿದರೆ, ಅದು ನನ್ನಂಥ ಪರಿಚಯದವರೇ ಆದರೂ, ಯಾವುದಕ್ಕೆ ಎಂದು ಕೇಳಿದ ಮೇಲೆಯೇ ಓದಿ.